ತಂಪು ಕಡಲಿನ ಹನ್ನೆರಡು ತಾಣಗಳು ಮತ್ತು ಅಪ್ಪನ ಹಗ್ಗ

ಈ ಬರಹದಲ್ಲಿ ದೋಷಗಳಿದ್ದರೆ ಅವುಗಳಿಗೆ ನಾನೊಬ್ಬಳೇ ಹೊಣೆ. ನಾನು ಸಮುದ್ರವನ್ನು ಕಂಡದ್ದು ಒಂದೇ ಸಲ, ಅದೂ ಕಾಲೇಜಿನ ಪ್ರವಾಸದಲ್ಲಿ, ಮೊಣಕಾಲು ನೆನೆಯುವಷ್ಟು ಮಾತ್ರ. ಈಜು ನನಗೆ ಬಾರದು. ಅಂಥವಳು ಕಡಲಾಳದ ವಿಷಯವನ್ನು ಬರೆಯಲು ಹೊರಡುವುದು ಉದ್ಧಟತನವೆಂದು ತಿಳಿದವರು ಹೇಳಿದರೆ ನಾನು ಎದುರಾಡುವುದಿಲ್ಲ. ನಮ್ಮ ವಂಶದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲನೆಯವಳಾದ್ದರಿಂದ, ನಾನು ಬರೆದುದನ್ನು ತಿದ್ದಬಲ್ಲವರು ಮನೆಯಲ್ಲಿ ಯಾರೂ ಇಲ್ಲವೆಂದು ಬಹುಕಾಲ ನಂಬಿದ್ದೆ. ಆ ನಂಬಿಕೆ ಒಂದು ಭಾನುವಾರದ ಮಧ್ಯಾಹ್ನ ಮುರಿದುಬಿದ್ದ ಸಂಗತಿಯನ್ನು ಇಲ್ಲಿ ನನ್ನ ಶಕ್ತಿಯಿದ್ದಷ್ಟು ಕ್ರಮವಾಗಿ ಹೇಳಲು ಪ್ರಯತ್ನಿಸುತ್ತೇನೆ.

ನಮ್ಮೂರು ಶ್ರೀರಂಗಪಟ್ಟಣಕ್ಕೆ ಅಂಟಿಕೊಂಡಂತಿರುವ ಬಾಬುರಾಯನಕೊಪ್ಪಲು. ಒಂದಿಷ್ಟು ಗದ್ದೆ, ಎರಡು ಸೀಮೆಹಸು, ಡೇರಿಗೆ ಹಾಲು ಹಾಕುವುದು, ಇದು ನಮ್ಮ ಮನೆಯ ಕಸುಬು. ಇದರ ಜೊತೆಗೆ ಅಪ್ಪನಿಗೆ ಇನ್ನೊಂದು ಕೆಲಸವಿದೆ: ನೀರಿಗೆ ಬಿದ್ದುದನ್ನು ಮುಳುಗಿ ಎತ್ತಿಕೊಡುವುದು. ಕೃಷ್ಣರಾಜಪೇಟೆಯ ಕಡೆ ತೋಟದ ಬಾವಿಯಲ್ಲಿ ಪಂಪಿನ ಫುಟ್‌ವಾಲ್ವ್ ಕಳಚಿ ಬಿದ್ದರೆ ಅಪ್ಪನಿಗೆ ಫೋನು ಬರುತ್ತದೆ. ನಾಗಮಂಗಲದ ಕಡೆ ಕಲ್ಯಾಣಿಯಲ್ಲಿ ಹಿತ್ತಾಳೆಯ ಕೊಡಪಾನ ಮುಳುಗಿದರೂ ಬರುತ್ತದೆ. ಪಾಂಡವಪುರದ ತೊಣ್ಣೂರು ಕೆರೆಯಲ್ಲಿ ಫೋಟೋ ತೆಗೆಯಲು ಹೋದವರ ಕಾರಿನ ಬೀಗದಕೈ ಜಾರಿದರೂ, ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಯಾರದೋ ತಾಳಿ ಕಳಚಿದರೂ ಅಪ್ಪ ತಮ್ಮ ಟಿವಿಎಸ್ ಮೊಪೆಡ್ಡಿನ ಹಿಂದೆ ಹಗ್ಗದ ಸುರುಳಿ ಕಟ್ಟಿಕೊಂಡು ಹೊರಡುತ್ತಾರೆ. ತಾಳಿ ಎತ್ತಿಕೊಟ್ಟಾಗ ಮಾತ್ರ ಹಣ ಮುಟ್ಟುವುದಿಲ್ಲ. ಎಲೆಯಡಿಕೆ, ಒಂದು ತೆಂಗಿನಕಾಯಿ. ಅಷ್ಟಕ್ಕೇ ಕೈಮುಗಿದು ಬರುತ್ತಾರೆ.

ಈ ಕೆಲಸಕ್ಕೆ ಅಪ್ಪನದೇ ಕೆಲವು ಕಟ್ಟಳೆಗಳಿವೆ. ನೀರನ್ನು ಮುಟ್ಟಿ ತಲೆಗೆ ಹಚ್ಚಿಕೊಳ್ಳದೆ ಇಳಿಯುವುದಿಲ್ಲ. ಊಟ ಮಾಡಿ ಇಳಿಯುವುದಿಲ್ಲ. ಆಳವನ್ನು ಮೀಟರಿನಲ್ಲಿ ಹೇಳುವುದಿಲ್ಲ, ಆಳಿನ ಲೆಕ್ಕದಲ್ಲಿ ಹೇಳುತ್ತಾರೆ; ಮೂರಾಳು ನೀರು ಎಂದರೆ ಮೂವರು ಒಬ್ಬರ ಮೇಲೊಬ್ಬರು ನಿಂತಷ್ಟು. ಬೇಗ ತಳ ಸೇರಲೆಂದು ಎದೆಗೆ ಒಂದು ಗುಂಡುಕಲ್ಲು ಅವುಚಿಕೊಂಡು ಇಳಿದು, ಅದನ್ನು ಅಲ್ಲೇ ಬಿಟ್ಟು ಬರುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿರುತ್ತಾರೆ. ಒಂದು ಸಲ ಜಗ್ಗಿದರೆ ‘ಚೆನ್ನಾಗಿದ್ದೇನೆ’, ಎರಡು ಸಲ ಜಗ್ಗಿದರೆ ‘ಹಗ್ಗ ಇನ್ನಷ್ಟು ಸಡಿಲ ಬಿಡು’, ಮೂರು ಸಲ ಜಗ್ಗಿದರೆ ‘ಎಳೆ’ ಎಂದರ್ಥ.

ಮದುವೆಯಾದ ಹೊಸದರಲ್ಲಿ ಆ ಹಗ್ಗವನ್ನು ಹಿಡಿಯುತ್ತಿದ್ದವರು ಅಮ್ಮ. ನಾನು ಹುಟ್ಟಿ, ಹಸುಗಳು ಬಂದ ಮೇಲೆ ಅಮ್ಮ ಮನೆಯಲ್ಲಿ ಉಳಿದರು. ಹಗ್ಗ ಬಾವಿಯ ಯಜಮಾನರ ಕೈಗೆ ಹೋಯಿತು. ಒಮ್ಮೆ ಕೃಷ್ಣರಾಜಪೇಟೆಯ ಕಡೆ ಹೀಗೆ ಹಗ್ಗ ಹಿಡಿದಿದ್ದ ಯಜಮಾನರಿಗೆ ಫೋನು ಬಂತಂತೆ. ಅಪ್ಪ ಕೆಳಗಿನಿಂದ ಮೂರು ಸಲ ಜಗ್ಗಿದರೆ ಆ ಮನುಷ್ಯ ಬಾವಿಯೊಳಕ್ಕೆ ಬಗ್ಗಿ, “ಒಸಿ ತಡೀರಣ್ಣ, ಫೋನ್ನಾಗಿವ್ನಿ!” ಎಂದು ಕೂಗಿ ಹೇಳಿದರಂತೆ. ಅಪ್ಪ ತಾವಾಗಿಯೇ ಮೇಲೆ ಬಂದು, ಮನೆಗೆ ಬಂದು, ಇದನ್ನು ನಟಿಸಿ ತೋರಿಸಿ ಎಲ್ಲರನ್ನೂ ನಗಿಸಿದರು. ಅಮ್ಮ ಮಾತ್ರ ನಗಲಿಲ್ಲ.

ಇನ್ನು ನನ್ನ ಕೆಲಸದ ವಿಷಯ. ಮೈಸೂರಿನ ಒಂದು ಸಣ್ಣ ಕಚೇರಿಯಲ್ಲಿ ನನಗೆ ಅನುವಾದಕಿಯ ಕೆಲಸ ಸಿಕ್ಕಿತ್ತು. ಆರು ತಿಂಗಳು ಪರೀಕ್ಷೆಯ ಮೇಲೆ ಇರಬೇಕು. ಆಮೇಲೆ ಒಪ್ಪಿಗೆಯಾದರೆ ಕಾಯಂ, ಆಗದಿದ್ದರೆ ಬಂದ ಬಸ್ಸಿನಲ್ಲೇ ವಾಪಸು. ಐದನೆಯ ತಿಂಗಳಿನಲ್ಲಿ ಕಚೇರಿಯ ಮುಖ್ಯಸ್ಥರಾದ ಮೇಡಂ ನನ್ನ ಮುಂದೆ ಒಂದು ಇಂಗ್ಲಿಷ್ ಕೈಪಿಡಿಯನ್ನಿಟ್ಟು, “ಇದನ್ನು ನೀವೊಬ್ಬರೇ ಮಾಡಿ. ಇದನ್ನು ನೋಡಿ ನಿಮ್ಮ ವಿಷಯ ತೀರ್ಮಾನಿಸುತ್ತೇನೆ,” ಎಂದರು. ಚಳಿ ದೇಶವೊಂದರ ಕಡಲತೀರದಲ್ಲಿ ನೆಲೆಸಿ, ಅಲ್ಲಿ ಮುಳುಗುವುದನ್ನು ಕಲಿಸುವ ಕನ್ನಡಿಗರೊಬ್ಬರು ಆ ಕೆಲಸವನ್ನು ಕೊಟ್ಟಿದ್ದರು. ಅಲ್ಲಿಗೆ ಬಂದುಹೋಗುವ ನಮ್ಮವರಿಗೆ ಕನ್ನಡದಲ್ಲೇ ಒಂದು ಪುಸ್ತಿಕೆ ಇರಲಿ ಎಂಬುದು ಅವರ ಆಸೆ. ಆ ತೀರದ ಹನ್ನೆರಡು ಮುಳುಗುತಾಣಗಳ ವಿವರ, ಕೊನೆಗೆ ಒಂದು ಪುಟ ಎಚ್ಚರಿಕೆ.

ಅಮ್ಮ ಅಂದೇ ಸಂಜೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ, “ನನ್ ಮಗ್ಳು ಆಫೀಸ್ನಾಗೆ ಸಮುದ್ರ ಬರೀತಾವ್ಳೆ,” ಎಂದು ಹೇಳಿಬಿಟ್ಟರು. ಅಲ್ಲಿಗೆ ನನ್ನ ನಿದ್ದೆ ಹೋಯಿತು. ಕಾಯಂ ಆಗದಿದ್ದರೆ ನಾನು ಮನೆಯವರಿಗಷ್ಟೇ ಅಲ್ಲ, ಇಡೀ ಕೊಪ್ಪಲಿಗೆ ಉತ್ತರ ಹೇಳಬೇಕಾಗಿತ್ತು.

ಕೈಪಿಡಿಯಲ್ಲಿದ್ದ ಯಾವುದನ್ನೂ ನಾನು ಕಣ್ಣಾರೆ ಕಂಡವಳಲ್ಲ. ಕಚೇರಿಯಲ್ಲಿ ಕೇಳಲು ನಾಚಿಕೆ; ಕೇಳಿದರೆ ತಿಳಿಯದವಳೆಂದು ಬರೆದುಕೊಂಡಾರೆಂಬ ಭಯ. ಆದ್ದರಿಂದ ಪ್ರತಿ ಸಂಜೆ ಆ ದಿನದ ಅನುವಾದವನ್ನು ಕೊಟ್ಟಿಗೆಯ ಮುಂದಿನ ಜಗಲಿಯಲ್ಲಿ ಕುಳಿತು ಅಪ್ಪನಿಗೆ ಓದಿ ಹೇಳತೊಡಗಿದೆ. ಅಪ್ಪ ಹಗ್ಗದ ಸವೆದ ಎಳೆಗಳನ್ನು ಹೊಸೆಯುತ್ತ ಕೇಳುತ್ತಿದ್ದರು. ಅಮ್ಮ ಹಾಲು ಕರೆಯುತ್ತ ಕೇಳುತ್ತಿದ್ದರು.

ಮೊದಲನೆಯ ತಾಣ ಒಂದು ಮುಳುಗಿದ ಹಡಗು. ಹದಿನೆಂಟು ಮೀಟರ್ ಆಳ ಎಂದು ಓದಿದೆ.

“ಅಂದ್ರೆ ಅತ್ತಾಳು,” ಎಂದರು ಅಪ್ಪ. “ಅಷ್ಟು ದೂರ ಓಗಿ, ಅಂಥಾ ಚಳೀಲಿ ಅತ್ತಾಳು ಇಳ್ದು, ಏನ್ ಎತ್ಕೊಂಡ್ ಬತ್ತಾರಂತೆ?”

“ಏನೂ ಎತ್ತಲ್ಲ ಕಣಪ್ಪ. ನೋಡಕ್ಕೆ ಅಂತ ಇಳೀತಾರೆ.”

ಅಪ್ಪನ ಕೈ ನಿಂತುಹೋಯಿತು. “ಬರೀ ನೋಡಕ್ಕಾ? ಬರಿಗೈಲಿ ಮ್ಯಾಕೆ ಬಂದ್ರೆ ದಡದಲ್ಲಿರೋರು ಉಗಿಯಲ್ವಾ?”

ಹಸುವಿನ ಮರೆಯಿಂದ ಅಮ್ಮ, “ನೀವು ನೋಡ್ಕೊಂಡು ಬಂದಿಲ್ವಾ? ನಾಗಮಂಗಲದ ಕೊಡಪಾನವ ಮೂರು ಸಲ ನೋಡ್ಕೊಂಡೇ ಬಂದ್ರಲ್ಲ,” ಎಂದರು.

“ಅದು ಕೆಸರ್ನಾಗೆ ಊತೋಗಿತ್ತು ಕಣೆ!”

“ಊಂ, ಊತೋಗಿತ್ತು. ಕೊಡಪಾನದೋರು ಉಗ್ದಾಗ್ಲೂ ಇಂಗೇ ಅಂದ್ರಿ.”

ಹೀಗೆ ತಾಣದಿಂದ ತಾಣಕ್ಕೆ ಸಾಗಿದೆವು. ನಾಲ್ಕನೆಯದರಲ್ಲಿ ಕೆಲ್ಪ್ ಎಂಬ ಕಂದು ಬಣ್ಣದ ಕಡಲ ಸಸ್ಯದ ಕಾಡು ಬಂತು. ತಳದ ಬಂಡೆಯಿಂದ ನೀರಿನ ಮೇಲ್ಮೈವರೆಗೆ ಮರದೆತ್ತರಕ್ಕೆ ಬೆಳೆದು ತೂಗಾಡುತ್ತದೆಯಂತೆ. ನಾನು ಮುಂದಿನ ಸಾಲನ್ನು ಓದುವ ಮೊದಲೇ ಅಪ್ಪ ಹೇಳಿದರು: “ಜೊಂಡಂಗೆ ಕಾಲಿಗೆ ಸುತ್ಕೊತದೆ. ಒದ್ದಾಡಬಾರ್ದು. ಸುಮ್ನೆ ನಿಂತು, ಕೈಯಾಗೆ ಬುಡಿಸ್ಕೊಂಡು, ಬಂದ ದಾರೀಲೇ ಇಂದಕ್ಕೆ ಬರ್ಬೇಕು.” ಕೈಪಿಡಿಯಲ್ಲಿಯೂ ಅದೇ ಇತ್ತು. ಏಳನೆಯ ತಾಣದಲ್ಲಿ ತಳದ ಹೂಳನ್ನು ಕಾಲಿನಿಂದ ಕದಡಬಾರದೆಂಬ ಸೂಚನೆ. ಅದನ್ನೂ ಅಪ್ಪ ಮೊದಲೇ ಹೇಳಿಬಿಟ್ಟರು. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಿದ್ದರೂ ಒಂದು ಆಳಕ್ಕಿಳಿದೊಡನೆ ಗೆರೆ ಎಳೆದಂತೆ ತಣ್ಣಗಾಗುವುದೆಂದು ಒಂಬತ್ತನೆಯದರಲ್ಲಿತ್ತು. “ಇಲ್ಲೂ ಅಂಗೇ. ಸೊಂಟದ ಮ್ಯಾಲೆ ಬಚ್ಚಲು, ಸೊಂಟದ ಕೆಳಗೆ ಐಸು,” ಎಂದು ಅಪ್ಪ ನಕ್ಕರು.

ಮೂರು ಸಲವೂ ಅಪ್ಪನ ಮಾತು ಪುಸ್ತಕದ ಮಾತಿಗೆ ಸರಿಹೊಂದಿತು. ನನಗಾದ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಆಚೆ ದಡದ ಆ ಕಡಲಿಗೂ ನಮ್ಮ ಬಾವಿಗಳಿಗೂ ಒಂದೇ ಶಾಸ್ತ್ರವೆಂದು ನನಗೆ ಅನ್ನಿಸಿತು. ನನ್ನ ತಪ್ಪಿನ ಬೇರು ಇದ್ದದ್ದು ಆ ಸಂತೋಷದಲ್ಲಿಯೇ.

ಕೊನೆಯ ಪುಟದ ಎಚ್ಚರಿಕೆಯಲ್ಲಿ, ಮೇಲಕ್ಕೆ ಬರುವಾಗ ಉಸಿರು ಕಟ್ಟುವುದು, ಅವಸರದಿಂದ ಬರುವುದು ಎಂದಿಗೂ ಬೇಡ ಎಂದಿತ್ತು. ಓದಿ ಹೇಳಿದೆ.

ಅಪ್ಪ ಹಗ್ಗವನ್ನು ಕೆಳಗಿಟ್ಟರು. “ಏನಂದೆ? ಉಸ್ರು ಕಟ್ಟಬಾರ್ದಾ? ನೀರ್ ಕುಡ್ದು ಸಾಯ್ರಿ ಅಂತಾನಾ? ನಿಧಾನುಕ್ಕೆ ಬರಕ್ಕೆ ಅದೇನು ದೇವಸ್ಥಾನದ ಪ್ರದಕ್ಷಿಣೆಯಾ? ಬಿಗಿಯಾಗಿ ಉಸ್ರು ಇಡ್ದು, ಜಾಡಿಸಿ ಒದ್ದು, ಬಿರ್ರನೆ ಬರ್ಬೇಕು ಕಣವ್ವ.”

“ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡಿರ್ತಾರಂತಲ್ಲಪ್ಪ?”

ಅಪ್ಪ ಕೈಪಿಡಿಯ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. “ಅದು ಕಷ್ಟಕ್ಕಿರ್ಲಿ ಅಂತ. ಜೀಪಿಗೆ ಸ್ಟೆಪ್ನಿ ಇರಲ್ವಾ, ಅಂಗೆ. ಸ್ಟೆಪ್ನಿ ಐತೆ ಅಂತ ಯಾರಾದ್ರೂ ದಿನಾ ಅದ್ರಲ್ಲೇ ಓಡಾಡ್ತಾರಾ?”

ನನಗೆ ಅದು ಸರಿಯೆಂದೇ ತೋರಿತು. ಅದೇ ಕೈಪಿಡಿಯಲ್ಲಿ ಒಂದು ತಾಣದ ಆಳ ಎರಡು ಕಡೆ ಎರಡು ಬಗೆಯಾಗಿ ಅಚ್ಚಾಗಿದ್ದುದನ್ನು ನಾನು ಆಗಲೇ ಪತ್ತೆಹಚ್ಚಿದ್ದೆ. ಇದೂ ಅಂಥದೇ ಅಚ್ಚಿನ ದೋಷ, ಎಲ್ಲಿಂದಲೋ ಒಂದು ‘ಬೇಡ’ ಹೆಚ್ಚಾಗಿ ಸೇರಿಕೊಂಡಿದೆ ಎಂದು ತೀರ್ಮಾನಿಸಿದೆ. ‘ಮೇಲಕ್ಕೆ ಬರುವಾಗ ಉಸಿರನ್ನು ಬಿಗಿಹಿಡಿದು ಶೀಘ್ರವಾಗಿ ಬರತಕ್ಕದ್ದು’ ಎಂದು ನನಗೆ ತಿಳಿದಷ್ಟು ಶುದ್ಧವಾದ ಕನ್ನಡದಲ್ಲಿ ಬರೆದೆ. ಕಚೇರಿಗೆ ಒಪ್ಪಿಸುವಾಗ ಜೊತೆಗೊಂದು ಟಿಪ್ಪಣಿಯನ್ನೂ ಇಟ್ಟೆ: ‘ಮೂಲದಲ್ಲಿದ್ದ ಎರಡು ದೋಷಗಳನ್ನು ಸರಿಪಡಿಸಲಾಗಿದೆ.’ ಮೇಡಂ ಟಿಪ್ಪಣಿಯನ್ನು ಓದಿ, “ಮೂಲವನ್ನೇ ತಿದ್ದುವಷ್ಟು ಸೂಕ್ಷ್ಮವಾಗಿ ಓದಿದ್ದೀರಿ. ಒಳ್ಳೆಯದು,” ಎಂದರು. ಅಂದು ಮೈಸೂರಿನಿಂದ ಬರುವಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಾನು ನಿಂತಿದ್ದುದೇ ನನಗೆ ಗೊತ್ತಾಗಲಿಲ್ಲ.

ಪುಸ್ತಿಕೆ ಸೋಮವಾರ ಅಚ್ಚಿಗೆ ಹೋಗಬೇಕಿತ್ತು. ಅದರ ಹಿಂದಿನ ಭಾನುವಾರ, ಕೆಲಸ ಕೊಟ್ಟ ಆ ಕನ್ನಡಿಗರು ತಮ್ಮ ತಾಣಗಳ ಕೆಲವು ವಿಡಿಯೋಗಳನ್ನು ಮೇಡಂ ಮೂಲಕ ಕಚೇರಿಯ ಎಲ್ಲರಿಗೂ ನೋಡಲೆಂದು ಕಳಿಸಿದರು. ಮಧ್ಯಾಹ್ನದ ಮುದ್ದೆಯೂಟ ಮುಗಿಸಿ, ಫೋನನ್ನು ಅಕ್ಕಿಯ ಡಬ್ಬಕ್ಕೆ ಒರಗಿಸಿ, ಮೂವರೂ ನೋಡಲು ಕುಳಿತೆವು.

ಹಸಿರು ಮಿಶ್ರಿತ ನೀಲಿ ನೀರು. ಅದರಲ್ಲಿ ಕೆಲ್ಪಿನ ಕಾಡು, ನಾನು ಪದಕೋಶ ಹಿಡಿದು ಬರೆದಿದ್ದ ಅದೇ ಕಾಡು, ಗಾಳಿಗೆ ಬಾಗುವ ಕಬ್ಬಿನ ಗದ್ದೆಯಂತೆ ಒಟ್ಟಿಗೆ ಒಂದು ಕಡೆಗೆ ಬಾಗಿ ಮತ್ತೆ ಏಳುತ್ತಿತ್ತು. ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಒಂದು ಸೀಲ್ ಪ್ರಾಣಿ ಬಂದು ಮುಳುಗುಗಾರರೊಬ್ಬರು ಕಾಲಿಗೆ ತೊಟ್ಟಿದ್ದ ರಬ್ಬರಿನ ರೆಕ್ಕೆಯನ್ನು ನಾಯಿಮರಿಯಂತೆ ಕಚ್ಚಿ ಎಳೆಯಿತು. ಅಪ್ಪ, “ಎಲಾ ಇವುನ!” ಎಂದು ತೊಡೆ ತಟ್ಟಿಕೊಂಡರು. ಬಂಡೆಯ ತುಂಬ ಕಿತ್ತಳೆ, ನೇರಳೆ ಬಣ್ಣದ ಜೀವಿಗಳು ಹೂವಿನಂತೆ ಅರಳಿಕೊಂಡಿದ್ದವು. ನೋಡುವುದಕ್ಕೆಂದೇ ಏಕೆ ಇಳಿಯುತ್ತಾರೆಂದು ಅಪ್ಪ ಮತ್ತೆ ಕೇಳಲಿಲ್ಲ.

ಅಮ್ಮ ಮಾತ್ರ ಹೂವನ್ನೂ ಸೀಲನ್ನೂ ನೋಡುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ ಬೇರೇನನ್ನೋ ನೋಡುತ್ತಿದ್ದರು.

“ಇವ್ರು ಯಾಕವ್ವ ಇನ್ನೂ ಮ್ಯಾಕೆ ಬಂದಿಲ್ಲ?” ಎಂದರು.

“ಯಾಕಮ್ಮ?”

“ಗುಳ್ಳೆ ಬತ್ತಾವಲ್ಲ. ಆಗ್ಲಿಂದ ಬತ್ತಾನೇ ಅವೆ.”

ಅಮ್ಮನ ಮಾತಿನ ಅರ್ಥ ನನಗೆ ಆಗಲಿಲ್ಲ. ಅಮ್ಮ ವಿವರಿಸಿದರು. ಹಗ್ಗ ಹಿಡಿದು ಬಾವಿಯ ಮೇಲೆ ನಿಂತಾಗ ಕಣ್ಣು ನೀರಿನ ಮೇಲೇ ಇರಬೇಕಂತೆ. ಕೆಳಗಿರುವವರು ಉಸಿರು ಕಟ್ಟಿರುವಷ್ಟು ಹೊತ್ತು ಗುಳ್ಳೆ ಬರುವುದಿಲ್ಲ. ಗುಳ್ಳೆ ಎದ್ದವೆಂದರೆ ಎದೆಯ ಗಾಳಿ ಮುಗಿಯಿತು, ಇನ್ನು ಹತ್ತು ಎಣಿಸುವುದರೊಳಗೆ ತಲೆ ಮೇಲೆ ಕಾಣಬೇಕು. ಕಾಣದಿದ್ದರೆ ಜಗ್ಗುವವರೆಗೆ ಕಾಯದೆ ಎಳೆಯಬೇಕು. “ಈ ವಯ್ಯಂಗೆ ಗುಳ್ಳೆ ಎದ್ದು ಎಸ್ಟೊತ್ತಾಯ್ತು! ಮ್ಯಾಲಿರೋರು ಯಾರೂ ಎಳೀತಾ ಇಲ್ವಲ್ಲ,” ಎಂದು ಅಮ್ಮ ನಿಜಕ್ಕೂ ಗಾಬರಿಗೊಂಡಿದ್ದರು.

ಅಪ್ಪ ಡಬ್ಬದ ಹತ್ತಿರಕ್ಕೆ ಸರಿದರು. ಮತ್ತೊಮ್ಮೆ ಹಾಕಿಸಿದರು. ಮುಳುಗುಗಾರರು ಮೇಲಕ್ಕೆ ಬರುವ ಭಾಗ ಬಂದಾಗ ಅಪ್ಪನ ಮುಖದ ನಗು ಹೋಯಿತು. ಮುಳುಗಿದ್ದ ಇಬ್ಬರೂ ಮೆಟ್ಟಿಲು ಹತ್ತುವವರಂತೆ ನಿಧಾನವಾಗಿ ಬಂದರು. ನಡುವೆ ಒಂದೆಡೆ ಏನೂ ಮಾಡದೆ ಸುಮ್ಮನೆ ತೇಲುತ್ತ ನಿಂತರು. ಅಷ್ಟು ಹೊತ್ತೂ ಗುಳ್ಳೆಗಳು ಸಾಲಾಗಿ ಏಳುತ್ತಲೇ ಇದ್ದವು.

“ಉಸ್ರು ಕಟ್ಟಿಲ್ಲ ಕಣವ್ವ ಇವ್ರು,” ಎಂದರು ಅಪ್ಪ. “ಕೆಳಗೇ ಉಸ್ರಾಡ್ತಾ ಅವ್ರೆ. ಅದು ಸ್ಟೆಪ್ನಿ ಅಲ್ಲ.”

ಒಂದು ‘ಬೇಡ’ವನ್ನು ಕಿತ್ತುಹಾಕಿ ನಾನು ಬರೆದ ಸಾಲು ಮರುದಿನ ಬೆಳಗ್ಗೆ ಅಚ್ಚಾಗಲಿತ್ತು. ಅದನ್ನು ನಂಬಿ ಯಾರಾದರೂ ನೀರಿಗಿಳಿದರೆ? ಹೇಳಿದರೆ ಕೆಲಸ ಹೋಗುವುದು ಖಂಡಿತವೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ‘ದೋಷಗಳನ್ನು ಸರಿಪಡಿಸಲಾಗಿದೆ’ ಎಂಬ ಆ ಟಿಪ್ಪಣಿ ನೆನಪಾಗಿ ಮುಖ ಮುಚ್ಚಿಕೊಳ್ಳುವಂತಾಯಿತು.

“ಫೋನ್ ಮಾಡವ್ವ,” ಎಂದರು ಅಪ್ಪ. “ನಮ್ಮಪ್ಪ ದಡ್ಡ, ಅವ್ನ್ ಮಾತು ಕೇಳ್ಬುಟ್ಟೆ ಅಂತ ಯೋಳು. ನನ್ ಮ್ಯಾಲೆ ಆಕು.”

“ಬರ್ದೋಳು ಇವ್ಳು, ಬರ್ಸಿದೋರು ನೀವು,” ಎಂದರು ಅಮ್ಮ. “ಇಬ್ರೂ ಸೇರಿ ಬೈಸ್ಕೊಳ್ರಿ. ಮೊದ್ಲು ಫೋನ್ ಮಾಡು.”

ಫೋನು ಮಾಡಿದೆ. ಮೊದಲೇ ಕಾಗದದ ಮೇಲೆ ಬರೆದುಕೊಂಡಿದ್ದ ಮಾತುಗಳು ಎರಡನೆಯ ವಾಕ್ಯಕ್ಕೇ ತಪ್ಪಿಹೋದವು. ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಅಚ್ಚು ನಿಲ್ಲಿಸುತ್ತೇನೆ. ಅವರಿಗೂ ಹೇಳಬೇಕು. ನಿಮ್ಮ ನಂಬರ್ ಕೊಡುತ್ತೇನೆ, ಅವರೇ ಮಾತಾಡಲಿ,” ಎಂದಷ್ಟೇ ಹೇಳಿ ಇಟ್ಟರು.

ಸಂಜೆ ಹಾಲು ಕರೆಯುವ ಹೊತ್ತಿಗೆ ಆ ಕಡಲತೀರದಿಂದ ವಿಡಿಯೋ ಕರೆ ಬಂತು. ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡಿದ್ದ ಅವರ ಹಿಂದೆ ಬೂದುಬಣ್ಣದ ಸಮುದ್ರ ಕಾಣುತ್ತಿತ್ತು. ನನ್ನ ಹಿಂದೆ ಸೀಮೆಹಸು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು, “ಗುಳ್ಳೆ ನೋಡಿದವರು ಯಾರು? ಅವರನ್ನ ಕರೀರಿ,” ಎಂದರು.

ಅಮ್ಮ ಸೆರಗು ಸರಿಮಾಡಿಕೊಂಡು ಬಂದು, “ನಾನೇ ಕಣಪ್ಪ. ಅಲ್ಲೀಗ ಒತ್ತಾರೆಯಾ? ತಿಂಡಿ ಆಯ್ತಾ?” ಎಂದರು.

ಅವರು ಜೋರಾಗಿ ನಕ್ಕುಬಿಟ್ಟರು. “ಇನ್ನೂ ಇಲ್ಲಮ್ಮ. ನಾನು ಹೊಸಬರಿಗೆ ಕಲಿಸೋ ಮೊದಲನೇ ಪಾಠ ಅದೇ, ಗುಳ್ಳೆ ನೋಡಿ ಅಂತ. ನೀವು ಬಾವಿ ಕಟ್ಟೆ ಮೇಲೆ ನಿಂತೇ ಕಲಿತಿದ್ದೀರಿ.” ಅನಂತರ ಅಪ್ಪನಿಗೆ ವಿವರಿಸಿದರು: “ಅಣ್ಣಾ, ನೀವು ಮೇಲಿನ ಗಾಳಿ ಎದೆಗೆ ತುಂಬ್ಕೊಂಡು ಇಳೀತೀರಿ. ಕೆಳಗೆ ಹೋದ ಹಾಗೆ ಅದು ಮುದುಡುತ್ತೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತೆ. ನಾವು ಕೆಳಗಡೆನೇ ಗಾಳಿ ಎಳ್ಕೊಳ್ತೀವಿ. ಅದನ್ನ ಕಟ್ಕೊಂಡು ಮೇಲೆ ಬಂದ್ರೆ ಎದೆಯೊಳಗೇ ಉಬ್ಬಿ ಅಪಾಯ ಆಗುತ್ತೆ.”

“ಬಿಸ್ಲಲ್ಲಿ ಬುಟ್ಟ ಸೈಕಲ್ ಟ್ಯೂಬಂಗೆ,” ಎಂದರು ಅಪ್ಪ.

“ಅದೇ ಅಣ್ಣ. ನಿಮಗೆ ನಿಮ್ಮ ಮಾತು ಸರಿ, ನಮಗೆ ಪುಸ್ತಕದ ಮಾತು ಸರಿ.” ಆಮೇಲೆ ಅವರು, “ನಿಮ್ಮ ಹಗ್ಗ ಯಾರು ಹಿಡೀತಾರೆ?” ಎಂದು ಕೇಳಿದರು.

“ಬಾವಿ ಯಜಮಾನ್ರು ಯಾರಾದ್ರೂ ಇಡ್ಕೊತಾರೆ ಸಾಮಿ.”

“ಅವರಿಗೆ ಗುಳ್ಳೆ ನೋಡೋಕೆ ಬರುತ್ತಾ?”

ಅಮ್ಮ ಹೇಳಿದರು: “ಫೋನ್ ನೋಡಕ್ಕೆ ಬತ್ತದೆ ಕಣಪ್ಪ.”

“ನಮ್ಮಲ್ಲಿ ಒಬ್ಬರೇ ಇಳಿಯೋ ಹಾಗೇ ಇಲ್ಲ ಅಣ್ಣ. ಎಷ್ಟೇ ಪಳಗಿದವರಾದ್ರೂ ಜೊತೆಗೆ ಕೆಲಸ ಬಲ್ಲ ಜೋಡಿ ಇರಲೇಬೇಕು.”

ಅಮ್ಮ ಅಪ್ಪನ ಕಡೆ ತಿರುಗಿ, “ಕೇಳಿಸ್ಕೊಂಡ್ರಾ?” ಎಂದರು. ಅಪ್ಪ ಹಸುವಿನ ಕೊರಳು ತುರಿಸುತ್ತ ನಿಂತುಬಿಟ್ಟರು.

ಸೋಮವಾರ ಕಚೇರಿಯಲ್ಲಿ ಮೇಡಂ ನನ್ನ ಟಿಪ್ಪಣಿಯನ್ನು ಮೇಜಿನ ಮೇಲೆ ತೆಗೆದಿಟ್ಟುಕೊಂಡಿದ್ದರು. “ಮೂಲ ತಪ್ಪೆನ್ನಿಸಿದರೆ ಮೊದಲು ನನ್ನನ್ನು ಕೇಳಬೇಕಿತ್ತು. ನೀವು ಕೇಳಲಿಲ್ಲ, ತಿದ್ದಿದಿರಿ,” ಎಂದರು. ಅದು ನಿಜವಾಗಿತ್ತು. ನನ್ನ ಪರೀಕ್ಷೆಯ ಅವಧಿಯನ್ನು ಒಂದು ತಿಂಗಳು ಹೆಚ್ಚಿಸಿದರು. ಹನ್ನೆರಡು ತಾಣಗಳನ್ನೂ ಎಚ್ಚರಿಕೆಯ ಪುಟವನ್ನೂ ಮೂಲದೊಡನೆ ಸಾಲುಸಾಲಾಗಿ ಹೋಲಿಸಿ, ಸಂಶಯ ಬಂದಲ್ಲೆಲ್ಲ ಅವರನ್ನೂ ಆ ಕನ್ನಡಿಗರನ್ನೂ ಕೇಳಿ ಮತ್ತೆ ಬರೆದೆ. ಒಟ್ಟು ಇಪ್ಪತ್ತೆಂಟು ಪ್ರಶ್ನೆಗಳನ್ನು ಕೇಳಿದೆ. ಯಾವುದಕ್ಕೂ ಯಾರೂ ನಗಲಿಲ್ಲ. ‘ಬರತಕ್ಕದ್ದು’ ಎಂಬುದನ್ನು ತೆಗೆದು ‘ಬನ್ನಿ’ ಎಂದು ಹಾಕಿದೆ. ಪುಸ್ತಿಕೆ ಅಚ್ಚಾಗಿ ಬಂದಾಗ ಎಚ್ಚರಿಕೆಯ ಪುಟವನ್ನು ಜಗಲಿಯ ಮೇಲೆ ಎರಡು ಸಲ ಓದಿ ಹೇಳಿದೆ. ಅಪ್ಪ ಎರಡನೆಯ ಸಲವೂ ತಲೆಯಾಡಿಸಿದ ಮೇಲೆಯೇ ಮಡಚಿಟ್ಟೆ.

ಆ ಬಳಿಕ ನಮ್ಮ ಸಂಸಾರದಲ್ಲಿ ಆದ ಬದಲಾವಣೆಗಳನ್ನು ಇದ್ದಂತೆಯೇ ಬರೆಯುತ್ತೇನೆ. ಏಳನೆಯ ತಿಂಗಳ ಕೊನೆಗೆ ನನ್ನ ಕೆಲಸ ಕಾಯಂ ಆಯಿತು. ಅಪ್ಪ ಈಗ ಬಾವಿಯ ಯಜಮಾನರ ಕೈಗೆ ಹಗ್ಗ ಕೊಡುವುದಿಲ್ಲ. ಕೆಲಸದ ಕರೆ ಬಂದರೆ ಅಮ್ಮ ಮೊಪೆಡ್ಡಿನ ಹಿಂದೆ ಹಗ್ಗದ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ಪಾಂಡವಪುರವಾಗಲಿ ನಾಗಮಂಗಲವಾಗಲಿ ಜೊತೆಗೆ ಹೋಗುತ್ತಾರೆ. ಅಂದು ಹಾಲು ಕರೆದು ಡೇರಿಗೆ ಹಾಕುವುದು ನನ್ನ ಪಾಲಿಗೆ ಬಂದಿದೆ. ಕಳೆದ ತಿಂಗಳು ಇಬ್ಬರೂ ತೊಣ್ಣೂರು ಕೆರೆಗೆ ಹೋಗಿದ್ದರು. ಯಾರ ಬೀಗದಕೈಯೂ ಬಿದ್ದಿರಲಿಲ್ಲ. ಅಪ್ಪ ನೋಡಲೆಂದೇ ಇಳಿದು ಬರಿಗೈಯಲ್ಲಿ ಮೇಲೆ ಬಂದರಂತೆ. ಅಮ್ಮ ಉಗಿಯಲಿಲ್ಲವಂತೆ.